ಹಾಲು ಒಡೆಯುವುದು ಯಾತಕ್ಕೆ?

ಅರಸೀಕೆರೆ, ಕಡೂರು ಕಡೆಯ ಊರುಗಳಲ್ಲಿ ಬೆಳಗಿನ ಆರೂವರೆಗೆ ಡೈರಿ ಮುಂದೆ ನಿಂತರೆ, ಕ್ಯಾನು ಹಿಡಿದು ಬರುವವರಲ್ಲಿ ಹೆಂಗಸರೇ ಹೆಚ್ಚು. ಒಂದೊಂದು ದಿನ ದಿನಾ ಬರುವವಳು ಬರದೆ ಆ ಮನೆಯ ಹುಡುಗಿಯೋ ಅಜ್ಜಿಯೋ ಕ್ಯಾನು ತಂದಿರುತ್ತಾರೆ. ಯಾರೂ ಕಾರಣ ಕೇಳುವುದಿಲ್ಲ. ‘ಹೊರಗಾಗವ್ಳೆ’ ಅನ್ನುವುದು ಹೇಳದೆಯೇ ಗೊತ್ತಾಗಿರುತ್ತದೆ. ಮುಟ್ಟಾದವಳು ಕೊಟ್ಟಿಗೆಗೆ ಕಾಲಿಡಬಾರದು, ಅವಳು ಕರೆದರೆ ಹಾಲು ಒಡೆಯುತ್ತದೆ, ಹಸು ಬತ್ತುತ್ತದೆ. ಇದನ್ನು ನಂಬುವ ಮನೆಗಳು ಇವತ್ತಿಗೂ ಇವೆ. ನಂಬದಿದ್ದರೂ ಅತ್ತೆಯ ಬಾಯಿಗೆ ಹೆದರಿ ಪಾಲಿಸುವ ಮನೆಗಳು ಅದಕ್ಕಿಂತ ಹೆಚ್ಚು.

ಹಳ್ಳಿ ಹೆಂಗಸರ ಕೈಗೆ ನಾಲ್ಕು ಕಾಸು ಬಂದರೆ ಇಂಥ ಪದ್ಧತಿಗಳು ತಾವಾಗಿಯೇ ಉದುರಿಹೋಗುತ್ತವೆ ಎಂದು ಸಭೆಗಳಲ್ಲಿ ಹೇಳುವುದುಂಟು. ತಾವಾಗಿಯೇ ಯಾವುದೂ ಉದುರುವುದಿಲ್ಲ. ಹಸು ಬಂದ ಮನೆಯಲ್ಲೂ ಮುಟ್ಟಿನ ಗೋಡೆ ನಿಂತೇ ಇರುತ್ತದೆ. ಹೆಂಗಸರ ಸ್ವಸಹಾಯ ಸಂಘದ ಸಾಲ ಸಿಕ್ಕ ಮನೆಯಲ್ಲಿ ವರದಕ್ಷಿಣೆಯ ಮೊತ್ತ ಏರಿರುವುದೂ ಉಂಟು. ದುಡಿಮೆ ಪದ್ಧತಿಯನ್ನು ಅಲುಗಾಡಿಸಬಲ್ಲದು, ನಿಜ. ಆದರೆ ಯಾವ ದುಡಿಮೆ, ಯಾರ ಹೆಸರಲ್ಲಿ, ಲೆಕ್ಕ ಯಾರ ಕೈಯಲ್ಲಿ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ಅದನ್ನು ಹಾಲಿನಿಂದಲೇ ನೋಡುತ್ತಾ ಹೋಗಬಹುದು.

ಹಾಲು ಒಡೆಯುವ ಕಾರಣಗಳನ್ನು ಯಾವ ಡೈರಿ ಕಾರ್ಯದರ್ಶಿಯೂ ಬೆರಳು ಮಡಚಿ ಹೇಳಿಯಾರು. ಆಗಷ್ಟೇ ಕರೆದ ಹಾಲು ಹಸುವಿನ ಮೈಬಿಸಿಯಷ್ಟೇ, ಅಂದರೆ ಸುಮಾರು 38 ಡಿಗ್ರಿ ಬಿಸಿ ಇರುತ್ತದೆ. ಬ್ಯಾಕ್ಟೀರಿಯಾ ಬೆಳೆಯಲು ಇದಕ್ಕಿಂತ ಹದವಾದ ಬಿಸಿ ಬೇಕಿಲ್ಲ. ಎರಡು ಮೂರು ಗಂಟೆಯೊಳಗೆ ಶೀತಲ ಘಟಕ ಸೇರಿ 4 ಡಿಗ್ರಿಗೆ ಇಳಿಯದಿದ್ದರೆ ಹುಳಿ ಏರತೊಡಗುತ್ತದೆ, ಏಪ್ರಿಲ್ ಬಿಸಿಲಿನಲ್ಲಿ ಇನ್ನೂ ಬೇಗ. ಕ್ಯಾನಿನ ಕತ್ತಿನೊಳಗೆ, ಮುಚ್ಚಳದ ರಬ್ಬರಿನಡಿಯಲ್ಲಿ ಹಿಂದಿನ ಹೊತ್ತಿನ ಹಾಲಿನ ಪಸೆ ಉಳಿದಿದ್ದರೆ ಅದೇ ಹೆಪ್ಪಿನ ಕೆಲಸ ಮಾಡುತ್ತದೆ. ಗೀರು ಬಿದ್ದ ಪ್ಲಾಸ್ಟಿಕ್ ಬಕೆಟ್ಟನ್ನು ಎಷ್ಟು ತೊಳೆದರೂ ಗೀರಿನೊಳಗಿನದು ಹೋಗುವುದಿಲ್ಲ. ರಾತ್ರಿ ಉಳಿದ ಅರ್ಧ ಲೀಟರನ್ನು ಬೆಳಗಿನ ಹಾಲಿಗೆ ಸುರಿದರೆ ಇಡೀ ಕ್ಯಾನು ಹಾಳು. ಕೆಚ್ಚಲು ಬಾವಿನ ಹಾಲು ಉಪ್ಪುಪ್ಪಾಗಿ ಗರಣೆ ಗಟ್ಟುತ್ತದೆ. ಕರು ಹಾಕಿದ ಮೊದಲ ನಾಲ್ಕೈದು ದಿನದ ಹಾಲು ಕಾಯಿಸಿದರೆ ಗಟ್ಟಿಯಾಗುತ್ತದೆ. ಅದನ್ನು ಗಿಣ್ಣು ಮಾಡಿ ಬೆಲ್ಲ ಏಲಕ್ಕಿ ಹಾಕಿ ತಿನ್ನುತ್ತೇವೆ, ಯಾರನ್ನೂ ದೂರುವುದಿಲ್ಲ. ಕರೆದವಳ ಮುಟ್ಟು ಈ ಪಟ್ಟಿಯಲ್ಲಿ ಎಲ್ಲೂ ಬರುವುದಿಲ್ಲ.

‘ಹಸು ಬತ್ತುತ್ತದೆ’ ಅನ್ನುವ ಮಾತಿನ ಕಥೆ ಇದಕ್ಕಿಂತ ಸ್ವಾರಸ್ಯದ್ದು. ಆ ದಿನಗಳಲ್ಲಿ ಹಾಲು ಕಡಿಮೆಯಾಗುವುದು ಎಷ್ಟೋ ಮನೆಗಳಲ್ಲಿ ನಿಜವೇ. ಆದರೆ ಕಾರಣ ತಿರುಗುಮುರುಗಾಗಿದೆ. ಕೆಚ್ಚಲು ತೊಳೆದು ಒರೆಸಿದಾಗ ಹಸು ಸೊರ ಬಿಡುತ್ತದೆ, ಅಂದರೆ ಹಾಲು ಮೊಲೆಗೆ ಇಳಿಯುತ್ತದೆ. ಸೊರ ಬಿಡಿಸುವ ಆಕ್ಸಿಟೋಸಿನ್ ಹಾರ್ಮೋನಿನ ಪ್ರಭಾವ ಐದರಿಂದ ಏಳು ನಿಮಿಷ ಮಾತ್ರ. ಅಷ್ಟರಲ್ಲಿ ಕರೆದು ಮುಗಿಸಬೇಕು. ದಿನಾ ಬರುವ ಕೈ ಬಿಟ್ಟು ಬೇರೆ ಕೈ ಬಂದರೆ, ಆ ಕೈ ಹೆಬ್ಬೆರಳು ಮಡಚಿ ಮೊಲೆ ಎಳೆದು ನೋಯಿಸಿದರೆ, ಹಸು ಬೆದರಿ ಸೊರ ಹಿಡಿಯುತ್ತದೆ. ಕೆಚ್ಚಲಲ್ಲಿ ಹಾಲು ಉಳಿಯುತ್ತದೆ, ಉಳಿದ ಹಾಲು ಕೆಚ್ಚಲು ಬಾವಿಗೆ ದಾರಿಯಾಗುತ್ತದೆ. ತಿಂಗಳಿಗೆ ಮೂರರಿಂದ ಐದು ದಿನ ಹೀಗಾದರೆ ಹಸು ಕ್ರಮೇಣ ಇಳಿಮುಖವಾಗದೆ ಏನಾದೀತು? ಅವಳು ಮುಟ್ಟಿದ್ದರಿಂದ ಅಲ್ಲ, ಅವಳನ್ನು ಮುಟ್ಟಲು ಬಿಡದ್ದರಿಂದ ಹಾಲು ಇಳಿಯುತ್ತದೆ.

ಇದನ್ನು ಭಾಷಣದಲ್ಲಿ ಹೇಳಿದರೆ ಯಾರೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಡೈರಿಯ ಯಂತ್ರ ದಿನಕ್ಕೆರಡು ಸಲ ಚೀಟಿ ಕೊಡುತ್ತದೆ: ಎಷ್ಟು ಲೀಟರ್, ಜಿಡ್ಡು ಎಷ್ಟು, ಜಿಡ್ಡು ಬಿಟ್ಟು ಉಳಿದ ಘನಾಂಶ, ಅಂದರೆ ಎಸ್‌ಎನ್‌ಎಫ್ ಎಷ್ಟು. ಜಿಡ್ಡು 3.5, ಎಸ್‌ಎನ್‌ಎಫ್ 8.5 ಇದ್ದರೆ ಗುಣಮಟ್ಟದ ಹಾಲು. ಯಂತ್ರಕ್ಕೆ ಹಾಲು ಕರೆದವರು ಯಾರೆಂದು ಗೊತ್ತಿಲ್ಲ. ಮೂರು ತಿಂಗಳ ಚೀಟಿಯನ್ನು ಪಿನ್ನು ಹಾಕಿ ಇಟ್ಟುಕೊಂಡು ಮನೆಯ ಕ್ಯಾಲೆಂಡರಿನ ಜೊತೆ ಇಟ್ಟು ನೋಡಿದರೆ ಸಾಕು. ಮುಟ್ಟಾದಾಗಲೂ ಗುಟ್ಟಾಗಿ ತಾನೇ ಕರೆದ ದಿನಗಳಲ್ಲಿ ಅಂಕಿ ಬದಲಾಗಿಲ್ಲ, ಬೇರೆಯವರು ಕರೆದ ದಿನಗಳಲ್ಲಿ ಲೀಟರು ಇಳಿದಿದೆ ಅನ್ನುವುದು ಅವಳಿಗೇ ಕಾಣುತ್ತದೆ. ಒಂದು ಎಚ್ಚರಿಕೆ ಬೇಕು. ಈ ಹೋಲಿಕೆ ಅವಳ ಮನೆಯೊಳಗೆ, ಅವಳ ಕೈಯಲ್ಲೇ ನಡೆಯಬೇಕು. ಸಂಘದ ಮೀಟಿಂಗಿನಲ್ಲಿ ಹತ್ತು ಜನರ ಮುಟ್ಟಿನ ತಾರೀಕು ಬರೆಸಿ ಗೋಡೆಗೆ ಅಂಟಿಸುವ ಉತ್ಸಾಹಿಗಳು ಇರುತ್ತಾರೆ. ಒಂದು ಅವಮಾನ ಕಳೆಯಲು ಹೋಗಿ ಇನ್ನೊಂದನ್ನು ತಂದಿಡುವ ಕೆಲಸ ಅದು.

ಹೆಂಗಸರಿಗೆ ಸಾಲ ಕೊಟ್ಟು ಹಸು ಕೊಡಿಸಿದ ಮೇಲೆ ತಪ್ಪುವುದು ಎಲ್ಲಿ? ಆ ಮೂರು ದಿನ ಕರೆಯುವವರು ಯಾರು ಅನ್ನುವ ಪ್ರಶ್ನೆಯಲ್ಲಿ. ಗಂಡ ಕೂರುತ್ತಾನೆ ಎಂದು ಯೋಜನೆ ಬರೆದವರು ಅಂದುಕೊಂಡಿರುತ್ತಾರೆ. ಹಲವು ಮನೆಗಳಲ್ಲಿ ಕೂರುವುದು ಎಂಟನೇ ಕ್ಲಾಸಿನ ಮಗಳು. ಬೆಳಗ್ಗೆ ಕರೆದು, ಡೈರಿಗೆ ಹಾಕಿ, ಸಗಣಿ ಬಾಚುವಷ್ಟರಲ್ಲಿ ಸ್ಕೂಲಿನ ಬಸ್ಸು ಹೋಗಿರುತ್ತದೆ. ತಿಂಗಳಿಗೆ ಮೂರ್ನಾಲ್ಕು ದಿನ ಹಾಗೆ ತಪ್ಪಿ, ತಾನೂ ಮೈನೆರೆದ ಮೇಲೆ ಇನ್ನೂ ಮೂರ್ನಾಲ್ಕು ದಿನ ಸೇರಿ, ವರ್ಷದ ಕೊನೆಗೆ ಹಾಜರಾತಿ ಸಾಲದೆ ಬರುತ್ತದೆ. ಶಾಲೆ ಬಿಟ್ಟ ಹುಡುಗಿಗೆ ಮನೆಯಲ್ಲಿ ಮುಂದಿನ ಯೋಚನೆ ಯಾವುದು ಅನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ. ಆದ್ದರಿಂದ ಹಸುವಿನ ಸಾಲದ ಅರ್ಜಿ ಸಂಘದ ಮುಂದೆ ಬಂದಾಗ ಮೊದಲು ಕೇಳಬೇಕಾದದ್ದು ಕೊಟ್ಟಿಗೆ ಇದೆಯೇ, ಮೇವು ಇದೆಯೇ ಅನ್ನುವುದರ ಜೊತೆಗೆ, ‘ನಿನಗಾಗದ ದಿನ ಯಾರು ಕರೀತಾರೆ?’ ಎಂದು. ಮನೆಯ ಇನ್ನೊಬ್ಬ ದೊಡ್ಡವರು, ಗಂಡಸಾದರೆ ಒಳ್ಳೆಯದೇ, ಹಸು ಬಂದ ಮೊದಲ ವಾರದಿಂದಲೇ ದಿನ ಬಿಟ್ಟು ದಿನ ಕರೆದು ರೂಢಿ ಮಾಡಿಕೊಳ್ಳಬೇಕು. ಹಸುವಿಗೆ ಎರಡು ಕೈ ಪರಿಚಯವಿದ್ದರೆ ಜ್ವರ, ನೆಂಟಸ್ತನ, ಬಾಣಂತನ ಎಲ್ಲಕ್ಕೂ ಅನುಕೂಲ.

ಲೆಕ್ಕಕ್ಕೆ ಬರೋಣ. ಅಂಕಿಗಳು ಊರಿಂದೂರಿಗೆ ಬದಲಾಗುತ್ತವೆ. ಇಲ್ಲಿ ಮುಖ್ಯವಾದದ್ದು ಲೆಕ್ಕ ಹಾಕುವ ಕ್ರಮ. 305 ದಿನ ಹಾಲು ಕೊಡುವ, ಸರಾಸರಿ ದಿನಕ್ಕೆ 8 ಲೀಟರಿನ ಒಂದು ಮಿಶ್ರತಳಿ ಹಸು ಎಂದಿಟ್ಟುಕೊಳ್ಳಿ. ಲೀಟರಿಗೆ ಸರ್ಕಾರದ 5 ರೂಪಾಯಿ ಪ್ರೋತ್ಸಾಹಧನವೂ ಸೇರಿ 40 ರೂಪಾಯಿ ಎಂದರೆ ದಿನಕ್ಕೆ 320. ಫೀಡ್ಸು ಮೈ ನಿಭಾವಣೆಗೆ ಒಂದೂವರೆ ಕೆ.ಜಿ., ಮೇಲೆ ಪ್ರತಿ ಎರಡೂವರೆ ಲೀಟರಿಗೆ ಒಂದು ಕೆ.ಜಿ.; ಒಟ್ಟು 4.7 ಕೆ.ಜಿ. ಕೆ.ಜಿ.ಗೆ 26 ರೂಪಾಯಿ ಹಿಡಿದರೆ ಸುಮಾರು 122. ರಾಗಿ ಹುಲ್ಲು, ಹಸಿ ಮೇವು, ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ, ಔಷಧಿ, ವಿಮೆ ಎಲ್ಲ ಸೇರಿ ಇನ್ನೊಂದು 60. ಉಳಿದದ್ದು 138. ಹಾಲಿನ 305 ದಿನಕ್ಕೆ 42,000 ಚಿಲ್ಲರೆ. ಹಾಲು ಬತ್ತಿಸಿದ 60 ದಿನ ದುಡ್ಡು ಬರುವುದಿಲ್ಲ, ಹೊಟ್ಟೆಗೆ ಮಾತ್ರ ಹಾಕಬೇಕು. ಅದಕ್ಕೆ 6,600 ಕಳೆದರೆ ವರ್ಷಕ್ಕೆ 35,500ರ ಆಸುಪಾಸು. ಸಂಘದಿಂದ 50,000 ಸಾಲ, ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿ, 24 ಕಂತು ಎಂದರೆ ತಿಂಗಳಿಗೆ 2,354, ವರ್ಷಕ್ಕೆ 28,250. ಕೈಯಲ್ಲಿ ನಿಲ್ಲುವುದು ಏಳು ಸಾವಿರದಷ್ಟು. ದಿನಕ್ಕೆ 20 ರೂಪಾಯಿ.

ದಿನಕ್ಕೆ 20 ರೂಪಾಯಿ ಉಳಿಸುವವಳಿಗೆ ಅತ್ತೆಯ ಎದುರು ದನಿ ಏರಿಸುವ ಬಲ ಎಲ್ಲಿಂದ ಬರಬೇಕು? ಅದೇ ಸಾಲಕ್ಕೆ 36 ಕಂತು ಕೊಟ್ಟರೆ ತಿಂಗಳಿಗೆ 1,661 ಆಗಿ ವರ್ಷಕ್ಕೆ ಹದಿನೈದೂವರೆ ಸಾವಿರ ಉಳಿಯುತ್ತದೆ. ಹಸು ಬತ್ತಿದ ಎರಡು ತಿಂಗಳು ಬಡ್ಡಿ ಮಾತ್ರ ಕಟ್ಟಿಸಿಕೊಳ್ಳುವ ನಿಯಮವನ್ನು ನಡಾವಳಿಯಲ್ಲಿ ಬರೆದುಕೊಂಡರೆ ಆ ಹೊತ್ತಿಗೆ ಮೈಕ್ರೋಫೈನಾನ್ಸಿನವರ ಬಾಗಿಲು ತಟ್ಟುವುದು ತಪ್ಪುತ್ತದೆ. ಎರಡನೇ ಹಸು ತರುವುದಾದರೆ ಮೊದಲನೆಯದು ಕರು ಹಾಕಿ ಆರು ತಿಂಗಳಾದ ಮೇಲೆ ಕರು ಹಾಕುವಂಥ ಗಬ್ಬದ ಹಸು ನೋಡಬೇಕು. ಆಗ ಎರಡೂ ಒಟ್ಟಿಗೆ ಬತ್ತುವುದಿಲ್ಲ, ಬಟವಾಡೆ ಒಂದು ವಾರವೂ ನಿಲ್ಲುವುದಿಲ್ಲ. ಜಾತ್ರೆಗೆ ಮುಂಚೆ ಅವಸರದಲ್ಲಿ ಎರಡನ್ನೂ ಒಟ್ಟಿಗೆ ಹೊಡೆದುಕೊಂಡು ಬಂದವರು ಮುಂದಿನ ವರ್ಷ ಎರಡು ತಿಂಗಳು ಬರಿಗೈಯಲ್ಲಿ ಎರಡು ಹಸು ಮೇಯಿಸುತ್ತಾರೆ.

ಇನ್ನು ಹೆಸರಿನ ಸಂಗತಿ. ಡೈರಿಯಲ್ಲಿ ಮನೆಗೊಂದು ಸದಸ್ಯ ಸಂಖ್ಯೆ. ಎಷ್ಟೋ ಊರುಗಳಲ್ಲಿ ಹಾಲು ಕರೆದು ಹಾಕುವವಳು ಅವಳು, ಸಂಖ್ಯೆ ಅವನ ಹೆಸರಿನಲ್ಲಿ, ಬಟವಾಡೆ ಅವನ ಖಾತೆಗೆ. ಹಾಸನ, ಚಿಕ್ಕಮಗಳೂರು, ಕೊಡಗು ಮೂರೂ ಜಿಲ್ಲೆಗಳು ಹಾಸನ ಹಾಲು ಒಕ್ಕೂಟದ ವ್ಯಾಪ್ತಿಗೆ ಬರುತ್ತವೆ. ಇಲ್ಲಿ ಹೆಂಗಸರೇ ಸದಸ್ಯರಾಗಿ, ಹೆಂಗಸರೇ ಆಡಳಿತ ಮಂಡಳಿಯಾಗಿರುವ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘಗಳೂ ಇವೆ. ಅಂಥದ್ದು ಇರುವ ಊರಲ್ಲಿ ಅರ್ಧ ಕೆಲಸ ಆಗಿದೆ. ಇಲ್ಲದ ಕಡೆ ಸದಸ್ಯತ್ವ ವರ್ಗಾಯಿಸಲು ಡೈರಿಗೆ ಅರ್ಜಿ ಕೊಡಬೇಕು. ಖಾತೆ ಅವಳೊಬ್ಬಳದೇ ಆಗಿರಬೇಕು, ಜಂಟಿ ಖಾತೆ ಬೇಡ. ಎಟಿಎಂ ಕಾರ್ಡಿನ ಪಿನ್ನು ಗಂಡನ ಫೋನಿನಲ್ಲಿ ಇದ್ದರೆ ಖಾತೆ ಯಾರದಾದರೂ ಒಂದೇ. ಹಸುವಿನ ಕಿವಿಯ 12 ಅಂಕಿಯ ಓಲೆ ಯಾರ ಹೆಸರಿಗೆ ನೋಂದಣಿಯಾಗಿದೆ, ವಿಮೆ ಯಾರ ಹೆಸರಿಗಿದೆ ಎಂದೂ ನೋಡಿ. ಸಾಲ ಅವಳದು, ಓಲೆ ಅವನದು ಆಗಿ ಹಸು ಸತ್ತರೆ ವಿಮೆ ಹಣ ಅವನಿಗೆ, ಕಂತು ಅವಳಿಗೆ. ಇದು ಆಗಾಗ ಆಗುವ ಎಡವಟ್ಟು. ಹಸು ಕೊಂಡ ದಿನವೇ ಪಶು ಆಸ್ಪತ್ರೆಯಲ್ಲಿ ಐದು ನಿಮಿಷದಲ್ಲಿ ಸರಿಮಾಡಬಹುದಾದದ್ದು.

ಹಟ್ಟಿಗಳ ವಿಷಯ ಬೇರೆಯಾಗಿಯೇ ಹೇಳಬೇಕು. ತುಮಕೂರು, ಚಿತ್ರದುರ್ಗದಿಂದ ಇತ್ತ ಅರಸೀಕೆರೆ, ಕಡೂರು, ತರೀಕೆರೆಯ ಬಯಲಿನವರೆಗೆ ಕಾಡುಗೊಲ್ಲ ಸಮುದಾಯದವರು ಬೇಲಿ ಕಟ್ಟಿಕೊಂಡು ವಾಸಿಸುವ ಗೊಲ್ಲರಹಟ್ಟಿಗಳಿವೆ. ಮುಟ್ಟಾದವರು, ಬಾಣಂತಿಯರು ಹಟ್ಟಿಯ ಬೇಲಿಯಾಚೆ ಇರಬೇಕು ಅನ್ನುವ ಕಟ್ಟು ಕೆಲವು ಹಟ್ಟಿಗಳಲ್ಲಿ ಸಡಿಲವಾಗಿದೆ, ಕೆಲವೆಡೆ ಇಲ್ಲ. ಮುಟ್ಟಿನ ಮೈಲಿಗೆ ಅವರೊಬ್ಬರದು ಎಂದು ಬೊಟ್ಟು ಮಾಡುವವರು ತಮ್ಮ ಮನೆಯ ಹಿತ್ತಿಲ ಜಗಲಿಯಲ್ಲಿ ಬೇರೆ ತಟ್ಟೆ ಇಟ್ಟುಕೊಂಡು ಕೂತವರನ್ನು ಮರೆತಿರುತ್ತಾರೆ. ಹಟ್ಟಿಯಲ್ಲಿ ಅದು ಬಯಲಿನಲ್ಲಿದೆ, ಉಳಿದ ಕಡೆ ಗೋಡೆಯ ಹಿಂದೆ. ಬಯಲಿನಲ್ಲಿರುವುದರಿಂದ ಅಪಾಯ ಮಾತ್ರ ಹೆಚ್ಚು. 2023ರ ಜುಲೈನಲ್ಲಿ ಪಕ್ಕದ ತುಮಕೂರು ಜಿಲ್ಲೆಯ ಒಂದು ಗೊಲ್ಲರಹಟ್ಟಿಯ ಹೊರಗೆ, ಮಳೆಗಾಳಿಯಲ್ಲಿ, ಗುಡಿಸಲಿನಲ್ಲಿ ತಾಯಿಯ ಜೊತೆಗಿದ್ದ ಎಳೆಗೂಸು ತೀರಿಕೊಂಡಿತು. ಕಡಿಮೆ ತೂಕದ ಕೂಸಿಗೆ ಮೈಬಿಸಿ ಕಾಯ್ದುಕೊಳ್ಳುವ ಶಕ್ತಿ ಇರುವುದಿಲ್ಲ. ಒದ್ದೆ ನೆಲ, ಬೀಸುಗಾಳಿ, ತಣ್ಣಗಿನ ಬಟ್ಟೆ ಇಷ್ಟೇ ಸಾಕು. ಕಾಲು ಮುಟ್ಟಿದರೆ ತಣ್ಣಗಿದೆ, ಮೊಲೆ ಚೀಪುವುದು ಸಪ್ಪೆಯಾಗಿದೆ ಅಂದರೆ ತಾಯಿಯ ಎದೆಗೆ ಬರಿಮೈಯಲ್ಲಿ ಒತ್ತಿ ಹೊದೆಸಿ ತಕ್ಷಣ ಆಸ್ಪತ್ರೆಗೆ ಹೊರಡಬೇಕು.

ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನಗಳಲ್ಲಿ ಮನೆಗೆ ಬಂದು ಕೂಸಿನ ತೂಕ, ಮೈಬಿಸಿ ನೋಡಬೇಕು. ‘ಮನೆ’ ಅಂದರೆ ಆ ಹೊತ್ತಿಗೆ ಬೇಲಿಯಾಚೆಯ ಗುಡಿಸಲು. ಆಶಾ ಅದೇ ಹಟ್ಟಿಯವಳಾದರೆ ಅವಳನ್ನೂ ಕಟ್ಟು ಕಟ್ಟಿಹಾಕುತ್ತದೆ. ಅಂಥ ಕಡೆ ಸಂಘದ ಇನ್ನೊಬ್ಬ ಸದಸ್ಯೆ ಜೊತೆಗೆ ಹೋಗುವುದು, ತೂಕದ ಅಂಕಿಯನ್ನು ತಾಯಿ ಕಾರ್ಡಿನಲ್ಲಿ ಬರೆಸಿಯೇ ಬರುವುದು ಚಿಕ್ಕ ಕೆಲಸ ಅನ್ನಿಸಿದರೂ ಜೀವ ಉಳಿಸುವಂಥದ್ದು.

ಮೌಢ್ಯ ನಿಷೇಧ ಕಾಯ್ದೆ ಎಂದು ಕರೆಯುವ 2017ರ ಕಾನೂನು 2020ರ ಜನವರಿಯಲ್ಲಿ ಜಾರಿಗೆ ಬಂತು. ಮುಟ್ಟಾದ ಅಥವಾ ಗರ್ಭಿಣಿ ಹೆಂಗಸರನ್ನು ಬಲವಂತವಾಗಿ ಬೇರೆ ಇಡುವುದು, ಊರೊಳಗೆ ಬಿಡದಿರುವುದು ಅದರ ಪ್ರಕಾರ ಅಪರಾಧ. ಒಂದು ವರ್ಷದಿಂದ ಏಳು ವರ್ಷದವರೆಗೆ ಸಜೆ, 5,000ದಿಂದ 50,000 ರೂಪಾಯಿವರೆಗೆ ದಂಡ. ಆದರೆ ಹೊರಗೆ ಇಟ್ಟವರು ಅತ್ತೆ, ಗಂಡ, ಮಾವ. ಅವರ ಮೇಲೆ ದೂರು ಬರೆದು ರಾತ್ರಿ ಮಲಗುವುದೆಲ್ಲಿ? ಹಾಗಾಗಿ ಈ ಕಾನೂನು ಠಾಣೆಗಿಂತ ಹಟ್ಟಿಯ ಜಗಲಿಕಟ್ಟೆಯಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತದೆ. ಮನಸ್ಸಿನಲ್ಲಿ ಬಿಡಬೇಕು ಅಂದುಕೊಂಡಿರುವ ಹಿರಿಯರಿಗೆ ಒಂದು ನೆಪ ಬೇಕಿರುತ್ತದೆ. ‘ನಾವ್ ಬಿಟ್ಟಿದ್ದಲ್ಲ ಕಣಪ್ಪ, ಸರ್ಕಾರ ಬಿಡಿಸ್ತು’ ಎಂದು ದೇವರ ಮುಂದೆಯೂ ಜಾತಿಯವರ ಮುಂದೆಯೂ ಹೇಳಿಕೊಳ್ಳಲು ಕಾನೂನು ಬಾಯಿ ಕೊಡುತ್ತದೆ. ಅಧಿಕಾರಿಗಳು ಬಂದು ಗುಡಿಸಲು ಕಿತ್ತುಹಾಕಿಸಿದ ಕಡೆ ಹೆಂಗಸರು ಮರದಡಿ ಕೂರುವಂತಾಗಬಾರದು. ಮೊದಲು ಬೇಲಿಯೊಳಗೆ, ಆಮೇಲೆ ಮನೆಯ ಪಡಸಾಲೆಗೆ, ಕೊನೆಗೆ ದೇವರ ಮೂಲೆ ಒಂದನ್ನು ಬಿಟ್ಟು ಎಲ್ಲ ಕಡೆಗೆ ಎಂದು ಗೆರೆಯನ್ನು ಒಳಕ್ಕೆ ಸರಿಸುತ್ತಾ ಬರುವ ದಾರಿ ನಿಧಾನದ್ದು. ಇದು ರಾಜಿ ಎಂದು ಮುಖ ಸಿಂಡರಿಸುವವರಿದ್ದಾರೆ. ಜುಲೈ ಮಳೆಯಲ್ಲಿ ಕೂಸು ಸೂರಿನಡಿ ಇದ್ದರೆ ಆ ರಾಜಿ ಒಳ್ಳೆಯದೇ. ಮುಟ್ಟಾದವರು, ಬಾಣಂತಿಯರು ಇರಲೆಂದು ಹಟ್ಟಿಗಳ ಹೊರಗೆ ಸರ್ಕಾರದಿಂದ ಕಟ್ಟಿಸಿದ ಕೃಷ್ಣ ಕುಟೀರಗಳ ಬಗ್ಗೆ ಮಾತ್ರ ಹಾಗೆ ಹೇಳಲು ಬಾಯಿ ಬಾರದು. ತಗಡಿನ ಬದಲು ಸಿಮೆಂಟು ಬಂತು, ನಿಜ. ಆದರೆ ಸಿಮೆಂಟು ಗೆರೆಯನ್ನು ಇದ್ದಲ್ಲೇ ಗಟ್ಟಿಮಾಡಿತು.

‘ಮೂರು ದಿನ ರೆಸ್ಟಾದ್ರೂ ಸಿಗ್ತದಲ್ಲ’ ಎಂದು ಹೆಂಗಸರೇ ಹೇಳುವುದುಂಟು. ಆ ಮಾತನ್ನು ತಳ್ಳಿಹಾಕಬಾರದು. ವಿಶ್ರಾಂತಿ ಬೇಕು, ಗಡೀಪಾರು ಬೇಡ. 2025ರಲ್ಲಿ ರಾಜ್ಯ ಸಚಿವ ಸಂಪುಟ ತಿಂಗಳಿಗೊಂದು ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ಒಪ್ಪಿತು. ಸಂಬಳದ ಕೆಲಸದವರಿಗೆ ಸರಿ, ಕಾಫಿ ಹಣ್ಣು ಕೀಳುವ, ಕಳೆ ತೆಗೆಯುವ ದಿನಗೂಲಿಯವಳಿಗೆ ರಜೆ ಅಂದರೆ ಕೂಲಿ ಖೋತಾ. ಸಂಘದ ಒಳಗೆ ಮಾತ್ರ ಇದನ್ನು ಹೆಂಗಸರೇ ಬರೆದುಕೊಳ್ಳಬಹುದು. ಮಲೆನಾಡಿನ ಹಪ್ಪಳದ ಗುಂಪುಗಳು ಇದಕ್ಕೆ ಒಳ್ಳೆಯ ಜಾಗ.

ಕೊಪ್ಪ, ಶೃಂಗೇರಿ, ಮೂಡಿಗೆರೆ, ಸಕಲೇಶಪುರದ ಕಡೆ ಏಪ್ರಿಲ್, ಮೇ ಬಂದರೆ ಹಲಸಿನ ಹಪ್ಪಳದ ಕಾಲ. ಇಲ್ಲಿಯೂ ಅದೇ ನಂಬಿಕೆ: ಹೊರಗಾದವಳು ಮುಟ್ಟಿದರೆ ಹಪ್ಪಳ ಬೂಷ್ಟು ಹಿಡಿಯುತ್ತದೆ, ಮಿಡಿ ಉಪ್ಪಿನಕಾಯಿ ಕೊಳೆಯುತ್ತದೆ. ಮಿಡಿ ಕೊಳೆಯುವುದು ಉಪ್ಪು ಕೆ.ಜಿ.ಗೆ ಕಾಲು ಕೆ.ಜಿ.ಗಿಂತ ಕಡಿಮೆ ಬಿದ್ದಾಗ, ತೊಟ್ಟು ಮುರಿದ ಮಿಡಿ ಸೇರಿದಾಗ, ಭರಣಿ ಪೂರ್ತಿ ಒಣಗಿರದಿದ್ದಾಗ, ಒದ್ದೆ ಸೌಟು ಒಳಗೆ ಹೋದಾಗ. ಹಪ್ಪಳದ್ದು ಸ್ವಲ್ಪ ಉದ್ದದ ಕಥೆ.

ಕಾಯಿ ಬಲಿತಿರಬೇಕು, ಹಣ್ಣಾಗಿರಬಾರದು. ಮುಳ್ಳು ಅಗಲವಾಗಿ, ತೊಳೆ ಬಿಳಿ ಬಿಟ್ಟು ತುಸು ಹಳದಿಗೆ ತಿರುಗುವ ಹದ. ಕಾಯಿಯ ತೂಕದ ಮೂರನೇ ಒಂದು ಭಾಗದಷ್ಟು ತೊಳೆ ಸಿಗುತ್ತದೆ. ಬೀಜ, ಸಾರೆ ತೆಗೆದು ಇಪ್ಪತ್ತು ಇಪ್ಪತ್ತೈದು ನಿಮಿಷ ಹಬೆಯಲ್ಲಿ ಬೇಯಿಸಿ, ಬಿಸಿ ಇರುವಾಗಲೇ ನೀರು ಸೋಕಿಸದೆ ಒರಳಿನಲ್ಲೋ ಗ್ರೈಂಡರಿನಲ್ಲೋ ಹಾಕಬೇಕು. ಆರಿದರೆ ನಾರು ಬಿಡುತ್ತದೆ, ಹಪ್ಪಳದ ಅಂಚು ಸೀಳುತ್ತದೆ. ಉಪ್ಪು, ಮೆಣಸಿನಪುಡಿ, ಜೀರಿಗೆ, ಕೊತ್ತಂಬರಿ ಸೇರಿಸಿ ನಿಂಬೆ ಗಾತ್ರದ ಉಂಡೆ ಮಾಡಿ, ಎಣ್ಣೆ ಸವರಿದ ಎರಡು ಹಾಳೆಗಳ ನಡುವೆ ಮಣೆಯಿಂದ ಒತ್ತಿ, ಚಾಪೆಯ ಮೇಲೆ ಹರಡಬೇಕು. ಸಂಜೆ ಒಂದು ಸಲ ಮಗುಚಬೇಕು. ಎರಡು ಮೂರು ಒಳ್ಳೆಯ ಬಿಸಿಲು ಬೇಕು. ಮುರಿದರೆ ‘ಟಕ್’ ಅನ್ನಬೇಕು, ಬಾಗಿದರೆ ಒಣಗಿಲ್ಲ. ತೊಳೆ ಹಣ್ಣಿನ ಕಡೆ ಹೊರಳಿದ್ದರೆ ಸಕ್ಕರೆ ಏರಿ, ಎಣ್ಣೆಗೆ ಬಿಟ್ಟ ಕೂಡಲೆ ಹಪ್ಪಳ ಕಂದಾಗಿ ಕಹಿಯಾಗುತ್ತದೆ. ಮಧ್ಯಾಹ್ನದ ಮೇಲೆ ಗುಡುಗಿ ಬರುವ ಮೇ ಮಳೆಗೆ ಸಿಕ್ಕ ಚಾಪೆಯ ಹಪ್ಪಳ ಮೇಲೆ ಒಣಗಿದಂತೆ ಕಂಡರೂ ಒಳಗೆ ಪಸೆ ಉಳಿದು ಜುಲೈ ಹೊತ್ತಿಗೆ ಬೂಷ್ಟು. ಸೋಲಾರ್ ಡ್ರೈಯರ್ ಇದ್ದರೆ 55ರಿಂದ 60 ಡಿಗ್ರಿಯಲ್ಲಿ ನಿಲ್ಲಿಸಬೇಕು. ಬೇಗ ಮುಗಿಯಲಿ ಎಂದು ಬಿಸಿ ಏರಿಸಿದರೆ ಹೊರಮೈ ಗಟ್ಟಿಯಾಗಿ ಒಳಗಿನ ನೀರು ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಈ ಗುಂಪಿಗೆ ಬೇಕಾದದ್ದು ಎರಡು ರೂಪಾಯಿಯ ಗೆರೆ ಹಾಳೆಯಲ್ಲಿ ಮಾಡಬಹುದಾದ ಬ್ಯಾಚ್ ಪುಸ್ತಕ. ತಾರೀಕು, ಕಾಯಿ ಯಾರ ತೋಟದ್ದು, ಎಷ್ಟು ಕೆ.ಜಿ., ಬಿಸಿಲೋ ಮೋಡವೋ, ಎಷ್ಟು ದಿನ ಒಣಗಿತು, ಯಾರು ಪ್ಯಾಕ್ ಮಾಡಿದರು. ಪೊಟ್ಟಣದ ಮೇಲೆ ಅದೇ ಬ್ಯಾಚ್ ಸಂಖ್ಯೆ. ಆಹಾರ ಸುರಕ್ಷತೆಯ 14 ಅಂಕಿಯ ನೋಂದಣಿ ಸಂಖ್ಯೆ, ಪದಾರ್ಥಗಳು, ನಿವ್ವಳ ತೂಕ, ತಯಾರಿಸಿದ ದಿನ, ಬೆಲೆ, ವಿಳಾಸ ಹೇಗೂ ಇರಲೇಬೇಕು; ‘25 ಹಪ್ಪಳ’ ಎಂದಷ್ಟೇ ಬರೆದರೆ ಸಾಲದು, ಗ್ರಾಂ ಬೇಕು. ಅಂಗಡಿಯಿಂದ ಬೂಷ್ಟು ಹಿಡಿದ ಪೊಟ್ಟಣ ವಾಪಸು ಬಂದಾಗ ಮೊದಲಾದರೆ ಮಾತು ಶುರುವಾಗುವುದು ‘ಆವತ್ತು ಯಾರು ಹೊರಗಾಗಿದ್ರು?’ ಎಂದು. ಪುಸ್ತಕ ಇದ್ದರೆ ಹಾಳೆ ತಿರುಗಿಸುತ್ತಾರೆ: ಆ ಬ್ಯಾಚಿನ ಎರಡನೇ ದಿನ ಮೋಡ, ಸಂಜೆ ಮಳೆ. ಹೀಗೆ ನಾಲ್ಕು ಸಲ ಆದ ಮೇಲೆ ಆ ಪ್ರಶ್ನೆ ಕೇಳುವವರು ಕಡಿಮೆಯಾಗುತ್ತಾರೆ. ಜೊತೆಗೆ ನಿಯಮ ಒಂದು: ಮೈ ಹುಷಾರಿಲ್ಲದ ದಿನ, ಕಾರಣ ಹೇಳಬೇಕಿಲ್ಲ, ಒತ್ತುವ ಮಣೆ ಬಿಟ್ಟು ಕೂತು ಮಾಡುವ ಲೇಬಲ್ ಕೆಲಸ, ಅಥವಾ ಪಾಲು ಕಡಿತವಿಲ್ಲದೆ ತಿಂಗಳಿಗೊಂದು ದಿನ ರಜೆ.

ಪಾಲು ಎಷ್ಟು ಅನ್ನುವಲ್ಲಿ ಬಹಳ ಗುಂಪುಗಳು ತಮಗೆ ತಾವೇ ಮೋಸ ಮಾಡಿಕೊಳ್ಳುತ್ತವೆ. ಹತ್ತು ಜನ ಒಂದು ದಿನದಲ್ಲಿ ಸಾವಿರ ಹಪ್ಪಳ ಮಾಡಿದರೆ 25ರ ಲೆಕ್ಕದಲ್ಲಿ 40 ಪೊಟ್ಟಣ. ಒಂದಕ್ಕೆ 80 ರೂಪಾಯಿ ಬೆಲೆ ಇಟ್ಟರೆ 3,200. ಅಂಗಡಿಯವರ ನೂರಕ್ಕೆ ಇಪ್ಪತ್ತು ಕಳೆದು, ಖಾರ, ಎಣ್ಣೆ, ಪೊಟ್ಟಣ, ಸೌದೆಗೆ 600 ಕಳೆದರೆ 1,960. ತಲೆಗೆ 196. ಕಾಯಿ ತೋಟದ್ದೇ, ದುಡ್ಡು ಕೊಟ್ಟಿಲ್ಲ ಎಂದು ಹಿಗ್ಗುವಂತಿಲ್ಲ. 2025-26ರಲ್ಲಿ ರಾಜ್ಯದ ನರೇಗಾ ಕೂಲಿಯೇ ದಿನಕ್ಕೆ 370 ರೂಪಾಯಿ ಇತ್ತು, ಅದೂ ಗಂಡು ಹೆಣ್ಣಿಗೆ ಒಂದೇ. ಪೊಟ್ಟಣಕ್ಕೆ 130 ಇಟ್ಟರೆ ತಲೆಗೆ 356 ಬಂದು ಅದರ ಹತ್ತಿರ ನಿಲ್ಲುತ್ತದೆ. ಅಷ್ಟು ಬೆಲೆಗೆ ಹೋಗುವುದಿಲ್ಲ ಅನ್ನುವುದಾದರೆ ಒತ್ತುವ ಯಂತ್ರ ಬೇಕು, ಇಲ್ಲವೇ ಬೇರೆ ಕೆಲಸ ನೋಡಬೇಕು. ಅರ್ಧ ಕೂಲಿಯ ಕೆಲಸಕ್ಕೆ ಸಬಲೀಕರಣ ಎಂದು ಬ್ಯಾನರ್ ಕಟ್ಟಿ ಫೋಟೊ ತೆಗೆಸಿಕೊಳ್ಳುವುದನ್ನು ನೋಡಿದರೆ ಮುಜುಗರವಾಗುತ್ತದೆ. ಪಿಎಂಎಫ್‌ಎಂಇ ಎಂಬ ಕೇಂದ್ರದ ಕಿರು ಆಹಾರ ಉದ್ದಿಮೆ ಯೋಜನೆಯಲ್ಲಿ ಸಂಘದ ಸದಸ್ಯೆಗೆ ತಲಾ 40,000 ರೂಪಾಯಿವರೆಗೆ ಬೀಜಧನಕ್ಕೆ ಅವಕಾಶ ಇಟ್ಟದ್ದು ಸಣ್ಣ ಉಪಕರಣ, ದುಡಿಯುವ ಬಂಡವಾಳಕ್ಕೆ. ಅದನ್ನು ಹಂಚಿಕೊಂಡು ಮನೆಗೆ ಒಯ್ದರೆ ಯಂತ್ರ ಬರುವುದಿಲ್ಲ.

ಇಷ್ಟೆಲ್ಲ ಸರಿಯಾಗಿ ನಡೆದು ದುಡ್ಡು ಉಳಿಯತೊಡಗಿತು ಅನ್ನಿ. ಆಗ ತೆರೆದು ನೋಡಬೇಕಾದದ್ದು ಸಂಘದ ಸಾಲದ ಪುಸ್ತಕ. ಅದರಲ್ಲಿ ‘ಸಾಲದ ಉದ್ದೇಶ’ ಎಂಬ ಕಾಲಂ ಇರುತ್ತದೆ. ‘ಕೃಷಿ’, ‘ಹೈನುಗಾರಿಕೆ’, ‘ಕೃಷಿ’, ‘ಹೈನುಗಾರಿಕೆ’ ಎಂದು ಬರೆಯುತ್ತಾ ಹೋಗಿರುತ್ತಾರೆ, ಬ್ಯಾಂಕಿನವರಿಗೆ ಅದೇ ಇಷ್ಟ ಎಂದು. ಫೆಬ್ರವರಿಯಿಂದ ಮೇವರೆಗೆ ‘ಹೈನುಗಾರಿಕೆ’ ಸಾಲ ಯಾಕೆ ಏರುತ್ತದೆ? ಹಸು ಮದುವೆ ತಿಂಗಳಲ್ಲೇ ಸಿಗುವುದೇ? ಬಂಗಾರ, ಬೈಕು, ಛತ್ರದ ಮುಂಗಡ ಎಲ್ಲವೂ ಆ ಒಂದು ಪದದೊಳಗೆ ಅಡಗಿರುತ್ತವೆ. ಮಗಳ ತಾಯಿ ಡೈರಿಗೆ ಹಾಲು ಹಾಕುತ್ತಾಳೆ, ಸಂಘದಲ್ಲಿದ್ದಾಳೆ ಎಂದು ಗೊತ್ತಾದರೆ ಗಂಡಿನ ಕಡೆಯವರ ಕೇಳಿಕೆಯೂ ಏರುತ್ತದೆ. 1961ರ ಕಾಯ್ದೆಯಲ್ಲಿ ವರದಕ್ಷಿಣೆ ತೆಗೆದುಕೊಳ್ಳುವುದಷ್ಟೇ ಅಲ್ಲ, ಕೊಡುವುದೂ ಅಪರಾಧ. ಯಾರು ಯಾರ ಮೇಲೆ ದೂರುವುದು?

ಸಂಘ ಮಾಡಬಹುದಾದ ಮೊದಲ ಕೆಲಸ ಸುಳ್ಳು ಬರೆಯುವುದನ್ನು ನಿಲ್ಲಿಸುವುದು. ಮದುವೆ ಸಾಲವನ್ನು ‘ಮದುವೆ’ ಎಂದೇ ಬರೆದು, ಅದಕ್ಕೊಂದು ಮಿತಿ ಇಟ್ಟು, ಅರ್ಜಿಯ ಜೊತೆ ಮದುಮಗಳ ವಯಸ್ಸಿನ ದಾಖಲೆ ಕಡ್ಡಾಯ ಮಾಡಬೇಕು. ಆಧಾರ್ ಸಾಲದು, ಅದರಲ್ಲಿ ಹುಟ್ಟಿದ ತಾರೀಕು ತಿದ್ದಿಸಿಕೊಂಡು ಬಂದಿರುವುದುಂಟು. ಶಾಲೆಯ ದಾಖಲಾತಿಯಲ್ಲಿರುವ ತಾರೀಕು ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಅದಿಲ್ಲದಿದ್ದರೆ ಜನನ ಪ್ರಮಾಣಪತ್ರ. ಈ ನಿಯಮವನ್ನು ಮದುವೆ ಕಾಲಕ್ಕೆ ಮುಂಚೆ, ಯಾರ ಮನೆಯಲ್ಲೂ ಮಾತುಕತೆ ನಡೆಯದ ಆಗಸ್ಟಿನಲ್ಲೋ ಸೆಪ್ಟೆಂಬರಿನಲ್ಲೋ ನಡಾವಳಿಗೆ ಸೇರಿಸಿ ಎಲ್ಲರ ಸಹಿ ಹಾಕಿಸಬೇಕು. ಏಪ್ರಿಲ್‌ನಲ್ಲಿ ತಂದರೆ ಅದು ಒಂದು ಮನೆಯ ಮೇಲಿನ ಜಗಳವಾಗುತ್ತದೆ. ಮೊದಲು ಕಟ್ಟುಬೀಳಬೇಕಾದವರು ಅಧ್ಯಕ್ಷೆ, ಕಾರ್ಯದರ್ಶಿಯರ ಮನೆಯವರೇ.

2017ರ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು, ಕೋರ್ಟಿಗೆ ಹೋಗಿ ರದ್ದು ಮಾಡಿಸಬೇಕಾಗಿಲ್ಲ. ಗ್ರಾಮ ಪಂಚಾಯಿತಿಯ ಪಿಡಿಒ, ಶಾಲೆಯ ಮುಖ್ಯ ಶಿಕ್ಷಕರು, ಅಂಗನವಾಡಿ ಮೇಲ್ವಿಚಾರಕಿ ಇವರಿಗೆಲ್ಲ ತಡೆಯುವ ಅಧಿಕಾರವಿದೆ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದವರ ಹೆಸರನ್ನು ಹೊರಗೆ ಹೇಳುವಂತಿಲ್ಲ. ಆದರೂ ಸಂಘದವರು ಕರೆ ಮಾಡಲು ಹಿಂಜರಿಯುತ್ತಾರೆ. ಆ ಮನೆಯವಳ ಬಾಕಿ ಸಾಲ 40,000 ಇದ್ದರೆ, ಜಗಳವಾಗಿ ಅವಳು ಕಂತು ನಿಲ್ಲಿಸಿದರೆ ಗುಂಪಿನ ಬ್ಯಾಂಕ್ ಸಾಲಕ್ಕೆ ಪೆಟ್ಟು. ಈ ಹೆದರಿಕೆ ಹುಸಿಯಲ್ಲ. ಅದಕ್ಕೇ ಕರೆ ಸಂಘದೊಳಗಿಂದಲೇ ಹೋಗಬೇಕೆಂದಿಲ್ಲ. ಸ್ವಸಹಾಯ ಸಂಘಗಳ ಒಕ್ಕೂಟದ ಮಟ್ಟದಲ್ಲಿ, ಬೇರೆ ಊರಿನ ಪ್ರತಿನಿಧಿಯೊಬ್ಬಳಿಗೆ ಆ ಜವಾಬ್ದಾರಿ ವಹಿಸಿಟ್ಟರೆ ನಡೆಯುತ್ತದೆ.

ಮದುವೆ ನಿಂತ ದಿನ ಎಲ್ಲರೂ ಬರುತ್ತಾರೆ: ಪೊಲೀಸರು, ಅಧಿಕಾರಿಗಳು, ಪತ್ರಿಕೆಯವರು. ಅಪ್ಪ ಅಮ್ಮ ಹದಿನೆಂಟು ತುಂಬುವವರೆಗೆ ಮಾಡುವುದಿಲ್ಲ ಎಂದು ಮುಚ್ಚಳಿಕೆ ಬರೆದುಕೊಡುತ್ತಾರೆ. ಛತ್ರದ ಮುಂಗಡ ಹೋಗಿರುತ್ತದೆ, ಅಡುಗೆಯವರಿಗೆ ಕೊಟ್ಟದ್ದು ಹೋಗಿರುತ್ತದೆ, ಸಾಲ ಮಾತ್ರ ಉಳಿದಿರುತ್ತದೆ. ಒಂದು ತಿಂಗಳು ಬಿಟ್ಟು, ಬೇರೆ ತಾಲ್ಲೂಕಿನ ಯಾವುದೋ ಗುಡಿಯಲ್ಲಿ, ಹತ್ತು ಜನರ ಮುಂದೆ ಅದೇ ತಾಳಿ ಬಿದ್ದಿರುತ್ತದೆ. ಬಸುರಿಯಾದರೆ ಆಸ್ಪತ್ರೆಯಿಂದ ಪೋಕ್ಸೊ ಕೇಸಿಗೆ ವರದಿ ಹೋಗುತ್ತದೆ ಎಂಬ ಭಯಕ್ಕೆ ತಾಯಿ ಕಾರ್ಡೂ ಮಾಡಿಸುವುದಿಲ್ಲ. ಆದ್ದರಿಂದ ಮುಚ್ಚಳಿಕೆ ಬರೆದ ಮರುದಿನದಿಂದ ನೋಡಬೇಕಾದದ್ದು ಶಾಲೆ, ಕಾಲೇಜಿನ ಹಾಜರಿ ಪುಸ್ತಕ. ಹುಡುಗಿ ಸತತ ಮೂರು ದಿನ ಬಾರದಿದ್ದರೆ ಮನೆಗೆ ಹೋಗಿ ಬರುವವರು ಯಾರು ಎಂದು ಮೊದಲೇ ಗೊತ್ತಿರಬೇಕು. ಕಾಲೇಜು ದೂರವಿದ್ದರೆ ಹಾಸ್ಟೆಲ್ ಅರ್ಜಿ ಜೂನ್ ಒಳಗೆ ಹಾಕಿಸಬೇಕು. ಮನೆಯ ಹಸುವನ್ನು ಬೆಳಗ್ಗೆ ಯಾರು ಕರೆಯುತ್ತಾರೆ ಅನ್ನುವ ಪ್ರಶ್ನೆ ಅಲ್ಲಿಯೂ ಬಂದೇ ಬರುತ್ತದೆ.